ದಮ್ಮು ಎದೆಯದು, ಕಸರತ್ತು ಕಾಲಿಗೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ರಾಯಕೋಟೆಯ ಕಡೆ ವಯಸ್ಸಾದವರಿಗೆ ನಾಲ್ಕು ಹೆಜ್ಜೆಗೇ ದಮ್ಮು ಹತ್ತಿತೆಂದರೆ ಮನೆಯವರ ಮಾತು ಒಂದೇ: ‘ಸುಮ್ನೆ ಕೂತ್ಕೊಳ್ಳಿ.’ ಹೃದಯ ಸೋತು, ಜೊತೆಗೆ ಬೀಡಿಯದೋ ಸೌದೆ ಒಲೆಯದೋ ಹೊಗೆಯಿಂದ ಶ್ವಾಸನಾಳಗಳೂ ಕಿರಿದಾದವರಿಗೆ, ಅಂದರೆ ಸಿಒಪಿಡಿಯೂ ಇರುವವರಿಗೆ, ಈ ಅಕ್ಕರೆಯೇ ಮುಳುವಾಗುತ್ತದೆ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಅಲ್ಪ ಕೆಲಸಕ್ಕೇ ಹೆಚ್ಚು ಆಮ್ಲ ಉಂಟುಮಾಡಿ ಉಸಿರಾಟವನ್ನು ಚುರುಕುಗೊಳಿಸುತ್ತದೆ. ಹೀಗೆ ಬಿರುಸಾಗಿ ಉಸಿರಾಡುವಾಗ ಕಿರಿದಾದ ನಾಳಗಳಿಂದ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ನುಗ್ಗುತ್ತದೆ, ಎದೆ ಬಿಗಿಯುತ್ತದೆ. ಹಾಳಾದ ಶ್ವಾಸನಾಳ ವ್ಯಾಯಾಮದಿಂದ ಸರಿಹೋಗುವುದಿಲ್ಲ, ನಿಜ. ಸುಧಾರಿಸುವುದು ಮುಖ್ಯವಾಗಿ ಕಾಲು. ಹೃದಯಕ್ಕೊಬ್ಬರು, ಶ್ವಾಸಕೋಶಕ್ಕೊಬ್ಬರು ಡಾಕ್ಟರಿರಬಹುದು. ರೋಗಿಯ ಕಾಲುಗಳು ಮಾತ್ರ ಅವೇ. ಆದ್ದರಿಂದಲೇ ಎರಡೂ ಕಾಯಿಲೆಗೆ ಒಂದೇ ಅಭ್ಯಾಸಕ್ರಮ ಸಾಕಾಗಬಹುದು ಎಂಬುದು ನನ್ನ ವಾದ.

ಇದಕ್ಕೆ ನೇರ ಪುರಾವೆ ಇಟಲಿಯಿಂದ ಬಂದಿದೆ. ಎರಡೂ ಕಾಯಿಲೆಯಿದ್ದ 112 ಮಂದಿಯ ಆ ಅಧ್ಯಯನ 2018ರಲ್ಲಿ ‘ಏಜ್ ಅಂಡ್ ಏಜಿಂಗ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ನಾಲ್ಕು ತಿಂಗಳು ಮನೆಯಲ್ಲೇ ಪುಟ್ಟ ಪೆಡಲ್ ಯಂತ್ರ, ಸರಳ ಕಸರತ್ತು, ಹೆಜ್ಜೆ ಎಣಿಸಿಕೊಂಡು ನಡಿಗೆ. ವಾರಕ್ಕೊಮ್ಮೆ ನರ್ಸ್ ಫೋನು. ಕೊನೆಗೆ ಅವರು ಆರು ನಿಮಿಷದಲ್ಲಿ ಮೊದಲಿಗಿಂತ ಸರಾಸರಿ 60 ಮೀಟರ್ ಹೆಚ್ಚು ನಡೆದರು. ಮಾಮೂಲಿ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಸುಮಾರು 30 ಮೀಟರ್ ಹೆಚ್ಚಿದರೂ ರೋಗಿಗೆ ವ್ಯತ್ಯಾಸ ಗೊತ್ತಾಗುತ್ತದೆ ಎನ್ನುವುದು ವೈದ್ಯರ ಲೆಕ್ಕ. ಯಂತ್ರಕ್ಕಿಂತ ಆ ಫೋನೇ ಹೆಚ್ಚು ಕೆಲಸ ಮಾಡಿರಬೇಕೆಂದು ನನ್ನ ಊಹೆ.

‘ಹೊಲದಲ್ಲಿ ಗೇಯುವವರಿಗೆ ಮತ್ತೇನು ವ್ಯಾಯಾಮ?’ ಎನ್ನಬಹುದು. ಟೊಮೆಟೊ ಬಿಡಿಸಲು ಬಗ್ಗಿದಾಗ ಹೊಟ್ಟೆ ಒತ್ತಿ, ಸೋತ ಹೃದಯದೊಳಗಿನ ಒತ್ತಡ ಏರುತ್ತದೆ. ಕೆಲವರಿಗೆ ಅರ್ಧ ನಿಮಿಷದೊಳಗೇ ಏದುಸಿರು ಬರುತ್ತದೆ. ಆಮೇಲೆ ಉಸಿರು ಬಿಗಿಹಿಡಿದು ತುಂಬಿದ ಕ್ರೇಟ್ ಎತ್ತಬೇಕು. ಅದು ದುಡಿಮೆ, ಅಳತೆಯಿಲ್ಲ, ಬಿಡುವಿಲ್ಲ. ಅಭ್ಯಾಸವೆಂದರೆ ಎರಡು ಮೂರು ನಿಮಿಷ ನಡೆದು, ನಿಂತು, ತುಟಿ ಕಿರಿದು ಮಾಡಿ ಉಸಿರು ಬಿಟ್ಟು, ಮತ್ತೆ ನಡೆಯುವುದು; ವಾರವಾರಕ್ಕೆ ಸ್ವಲ್ಪ ಏರಿಸುವುದು. ದೂರದ ತೊಡಕೂ ಇದೆ: ಹೊಸೂರು ಸುಮಾರು 30 ಕಿ.ಮೀ., ಬೆಂಗಳೂರು ಅದರಾಚೆ. ಆದರೆ ಮನೆಬಾಗಿಲಿಗೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆ ಫಿಸಿಯೋಥೆರಪಿಯನ್ನೂ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದೇ ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಹೊಸ ಕಟ್ಟಡ ಬೇಡ, ಬರುವವರಿಗೆ ಈ ತರಬೇತಿ ಕೊಟ್ಟರಾಯಿತು.

ಅಪಾಯದ ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. 112 ದೊಡ್ಡ ಸಂಖ್ಯೆಯಲ್ಲ, ಹಾಗಾಗಿ ಡಾಕ್ಟರು ನೋಡದೆ ಯಾರೂ ಶುರುಮಾಡಬಾರದು. ಹೃದಯದ ಎಷ್ಟೋ ರೋಗಿಗಳು ನುಂಗುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ತಗ್ಗಿಸಿಡುವುದರಿಂದ ನಾಡಿ ಎಣಿಸಿ ಶ್ರಮ ಅಳೆದರೆ ಮೋಸಹೋಗುತ್ತೇವೆ. ಏದುಸಿರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ರೋಗಿಗೇ ಕಲಿಸಿ, ಮೂರು ನಾಲ್ಕರಲ್ಲಿ ನಿಲ್ಲಿಸಬೇಕು. ಎದೆನೋವು ಬಂದರೆ, ಕಾಲು ಊದಿದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಅಂದು ನಡಿಗೆಯಿಲ್ಲ, ನೇರ ಆಸ್ಪತ್ರೆಗೆ.