ಯಾವ ಕ್ಯಾಮರಾ ಕೊಳ್ಳೋಣ?

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಏನು ಬೇಕೆಂದು ಮಕ್ಕಳನ್ನು ಕೇಳಿದರೆ ಹಿಂದೆ ಸೈಕಲ್ಲು, ಕೈಗಡಿಯಾರ ಎಂಬ ಉತ್ತರ ಬರುತ್ತಿತ್ತು. ಈಗ ಕೆಲವರಾದರೂ ಕ್ಯಾಮರಾ ಎನ್ನುತ್ತಾರೆ. ಅಡಿಕೆ ಮಾರಿದ ಹಣದಲ್ಲಿಯೋ, ಗಲ್ಫಿನಲ್ಲಿರುವ ಮಾವನ ಕೃಪೆಯಿಂದಲೋ, ಕಂತಿನ ಮೇಲೆಯೋ ಒಂದು ಕ್ಯಾಮರಾ ಮನೆಗೆ ಬರುತ್ತದೆ. ಮೊದಲ ತಿಂಗಳು ಮನೆಯ ಬೆಕ್ಕು, ಅಂಗಳದ ದಾಸವಾಳ, ತಂಗಿಯ ಹುಟ್ಟುಹಬ್ಬ ಎಲ್ಲವೂ ಚಿತ್ರವಾಗುತ್ತವೆ. ಮಳೆ ಹಿಡಿಯುವಷ್ಟರಲ್ಲಿ ಅದು ಕಪಾಟು ಸೇರುತ್ತದೆ. ಮಳೆ ಬಿಡುವಷ್ಟರಲ್ಲಿ ಅದರ ಲೆನ್ಸಿನೊಳಗೆ ಬೂಸ್ಟು ಬೆಳೆದಿರುತ್ತದೆ. ಕಂತು ಮಾತ್ರ ಮುಗಿದಿರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಲೇಖನ ನಿಮಗಾಗಿ. ಹಣ ಕೊಡಬೇಕಾದ ನಿಮ್ಮ ಹೆತ್ತವರಿಗಾಗಿಯೂ ಹೌದು. ಕನ್ನಡ ಪಾಠ ಹೇಳುವವರಿಗೆ ಈ ಉಸಾಬರಿ ಏಕೆಂದು ಕೇಳಬಹುದು. ಹಳೆಯ ತಾಳೆಗರಿಗಳ, ಶಾಸನಗಳ ಚಿತ್ರ ಬೇಕಾದಾಗ ಕ್ಯಾಮರಾ ಹಿಡಿಯದೆ ಗತಿಯಿಲ್ಲ. ಹಾಗಾಗಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

“ಯಾವ ಕ್ಯಾಮರಾ ಒಳ್ಳೆಯದು?” ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಕತ್ತಿ ಒಳ್ಳೆಯದು ಎಂದು ಕೇಳಿದಂತೆ ಅದು. ಮೆಟ್ಟುಕತ್ತಿಯಿಂದ ಸೌದೆ ಸೀಳಲಾಗದು, ಕೊಡಲಿಯಿಂದ ತೊಂಡೆಕಾಯಿ ಹೆಚ್ಚಲಾಗದು. ಏನನ್ನು ತೆಗೆಯಬೇಕು, ಎಷ್ಟು ದೂರದಿಂದ, ಎಂತಹ ಬೆಳಕಿನಲ್ಲಿ ಎಂಬುದು ಮೊದಲು ನಿಶ್ಚಯವಾಗಬೇಕು.

ಕ್ಯಾಮರಾದೊಳಗೆ ಏನು ನಡೆಯುತ್ತದೆಂದು ಸ್ವಲ್ಪ ನೋಡೋಣ. ಮುಂದಿನ ಲೆನ್ಸು ಬೆಳಕನ್ನು ಒಳಗೆ ಬಿಡುತ್ತದೆ. ಹಿಂದೆ ಫಿಲ್ಮು ಇದ್ದಲ್ಲಿ ಈಗ ಸೆನ್ಸರ್ ಎಂಬ ಸಿಲಿಕಾನಿನ ಹಲಗೆ ಇದೆ. ಅದರ ಮೇಲೆ ಲಕ್ಷಾಂತರ, ಕೋಟ್ಯಂತರ ಸೂಕ್ಷ್ಮ ಚೌಕಗಳು. ಒಂದೊಂದು ಚೌಕವೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತನ್ನು ಅಳೆದು ಅಂಕಿಯಾಗಿ ಬರೆದಿಡಲಾಗುತ್ತದೆ. ಡಿಜಿಟಲ್ ಎಂಬ ಹೆಸರು ಬಂದುದು ಈ ಅಂಕಿಯಿಂದ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಎಂಬವರು ಇಂಥದೊಂದು ಯಂತ್ರವನ್ನು ಮಾಡಿ ತೋರಿಸಿದರು. ಅದರ ತೂಕ ಮೂರೂವರೆ ಕಿಲೋಗ್ರಾಮಿಗೂ ಮಿಕ್ಕಿ. ಚಿತ್ರದಲ್ಲಿದ್ದುದು ಬರೇ 10,000 ಚುಕ್ಕೆಗಳು. ಒಂದು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಬೇಕಾಗಿತ್ತು. ಫಿಲ್ಮು ಮಾರಿ ಬೆಳೆದ ಅದೇ ಕಂಪೆನಿ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸುವ ಸ್ಥಿತಿಗೆ ಬಂತೆಂಬುದು ಬೇರೆಯೇ ಕತೆ.

ಒಂದು ಚಿತ್ರದಲ್ಲಿ ಹತ್ತು ಲಕ್ಷ ಚುಕ್ಕೆಗಳಿದ್ದರೆ ಅದು ಒಂದು ಮೆಗಾಪಿಕ್ಸೆಲ್. ಅಂಗಡಿಯವರು ಮೊದಲು ಹೇಳುವುದು ಈ ಸಂಖ್ಯೆಯನ್ನೇ. ಆದರೆ ಲೆಕ್ಕ ಹಾಕಿ ನೋಡಿ. ಆಲ್ಬಮ್ಮಿಗೆ ಅಂಟಿಸುವ 6×4 ಇಂಚಿನ ಚಿತ್ರಕ್ಕೆ, ಇಂಚಿಗೆ 300 ಚುಕ್ಕೆಗಳಂತೆ, 1800×1200 ಚುಕ್ಕೆ ಬೇಕು. ಎರಡು ಮೆಗಾಪಿಕ್ಸೆಲಿಗಿಂತ ತುಸು ಹೆಚ್ಚು, ಅಷ್ಟೆ. ಎ4 ಹಾಳೆ ತುಂಬಾ ಮುದ್ರಿಸಬೇಕಾದರೂ ಒಂಬತ್ತು ಸಾಕು. ಇಂದು ಅಂಗಡಿಯಲ್ಲಿ ಸಿಗುವ ಹೊಸ ಕ್ಯಾಮರಾಗಳೆಲ್ಲ ಇದನ್ನು ದಾಟಿದವುಗಳೇ. ಹಾಗಿರುವಾಗ 24 ಇದೆಯೋ 32 ಇದೆಯೋ ಎಂದು ತಲೆಕೆಡಿಸಿಕೊಂಡು ಸಾವಿರಾರು ರೂಪಾಯಿ ಹೆಚ್ಚು ತೆರುವುದು, ನನ್ನ ಅಭಿಪ್ರಾಯದಲ್ಲಿ, ದುಂದು.

ಕೇಳಬೇಕಾದುದು ಸೆನ್ಸರಿನ ಅಳತೆಯನ್ನು. ಜೋರಾಗಿ ಮಳೆ ಬರುವಾಗ ಅಂಗಳದಲ್ಲಿ ಒಂದು ಚೆಂಬನ್ನೂ ಒಂದು ಕೊಪ್ಪರಿಗೆಯನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ನಿಲ್ಲುತ್ತದೆ? ಬಾಯಿ ಅಗಲವಾದುದರಲ್ಲಿ. ಬೆಳಕಿನ ಸಂಗತಿಯೂ ಹಾಗೆಯೇ. ಅಗ್ಗದ ಕಿಸೆ ಕ್ಯಾಮರಾಗಳ ಸೆನ್ಸರ್ ಸುಮಾರು 6.2×4.6 ಮಿಲಿಮೀಟರ್, ಎಂದರೆ ಕಡಲೆಬೇಳೆಯಷ್ಟು. ಲೆನ್ಸು ಬದಲಾಯಿಸಬಹುದಾದ ಸಾಮಾನ್ಯ ಕ್ಯಾಮರಾಗಳಲ್ಲಿ ಎ.ಪಿ.ಎಸ್.-ಸಿ. ಎಂಬ ಜಾತಿಯದು ಸುಮಾರು 23.5×15.6 ಮಿಲಿಮೀಟರ್. ವಿಸ್ತೀರ್ಣದಲ್ಲಿ ಇದು ಹದಿಮೂರು ಪಟ್ಟು ದೊಡ್ಡದು. ಹಳೆಯ ಫಿಲ್ಮಿನ ಅಳತೆಯದೇ ಆದ 36×24 ಮಿಲಿಮೀಟರಿನ ಪೂರ್ಣ ಸೆನ್ಸರ್ ಇನ್ನೂ ದೊಡ್ಡದು, ಬೆಲೆಯೂ ಹಾಗೆಯೇ. ಹಗಲು ಹೊತ್ತಿನಲ್ಲಿ ಈ ಮೂರರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಸಂಜೆಯಾದ ಮೇಲೆ ಗೊತ್ತಾಗುತ್ತದೆ. ಸಣ್ಣ ಸೆನ್ಸರಿನ ಚಿತ್ರದಲ್ಲಿ ಕತ್ತಲ ಭಾಗವೆಲ್ಲ ರವೆ ಚೆಲ್ಲಿದಂತೆ ಕಾಣುತ್ತದೆ.

ಹಾಗಾದರೆ ಕೈಯಲ್ಲಿರುವ ಫೋನು? ಅದರ ಸೆನ್ಸರ್ ಸಣ್ಣದಾದರೂ ಲೆಕ್ಕದಲ್ಲಿ ಅದು ಬಲು ಚುರುಕು. ಒಂದು ಸಲ ಒತ್ತಿದರೆ ಹಲವು ಚಿತ್ರಗಳನ್ನು ತೆಗೆದು, ಎಲ್ಲವನ್ನೂ ಸೇರಿಸಿ ಒಂದು ಚೊಕ್ಕ ಚಿತ್ರ ಮಾಡಿಕೊಡುತ್ತದೆ. ಅಲುಗಾಡದ ವಸ್ತುಗಳಿಗೆ ಇದು ಬಹಳ ಒಳ್ಳೆಯದು. ಆದುದರಿಂದ ಪ್ರವಾಸ, ಮನೆಯ ಸಮಾರಂಭ, ಬೇಕಲ ಕೋಟೆಯ ಸೂರ್ಯಾಸ್ತ ಇಷ್ಟಕ್ಕೇ ಕ್ಯಾಮರಾ ಬೇಕೆನ್ನುವವರು ದಯವಿಟ್ಟು ಕೊಳ್ಳಬೇಡಿ. ಫೋನಿನ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರಸಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಯೇ ಪರಿಹಾರವಾಗುತ್ತದೆ. ಅಗ್ಗದ ಕಿಸೆ ಕ್ಯಾಮರಾವನ್ನಂತೂ ಇಂದು ಕೊಳ್ಳಲು ಕಾರಣವೇ ಇಲ್ಲ.

ತಾಳೆಗರಿ, ಹಳೆಯ ಪ್ರಸಂಗ ಪುಸ್ತಕ, ಕಡತ, ಶಿಲಾಶಾಸನಗಳಿಗೂ ಫೋನು ಸಾಕು. ಅಲ್ಲಿ ಬೇಕಾದುದು ತಾಳ್ಮೆ ಮತ್ತು ಒಂದು ಮುಕ್ಕಾಲಿ. ಗರಿಯನ್ನು ಸಮತಟ್ಟಾಗಿ ಇಟ್ಟು, ಫೋನು ಅದಕ್ಕೆ ಸರಿಸಮನಾಗಿ ಮೇಲಿರಬೇಕು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಬೇಕು. ಫ್ಲ್ಯಾಶ್ ಕೂಡದು, ಎಣ್ಣೆ ಹಚ್ಚಿದ ಗರಿ ಹೊಳೆದು ಅಕ್ಷರ ಮರೆಯಾಗುತ್ತದೆ. ಸವೆದ ಶಾಸನಕ್ಕೆ ಎದುರಿನಿಂದ ಬೆಳಕು ಹಾಯಿಸಿದರೆ ಏನೂ ಓದಲಾಗದು. ಸಂಜೆಯ ಹೊತ್ತು ಹೋಗಿ, ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಬದಿಯಿಂದ ಟಾರ್ಚು ಹಿಡಿಯಿರಿ. ಅಕ್ಷರದ ಗುಣಿಯಲ್ಲಿ ನೆರಳು ತುಂಬಿ ಒಂದೊಂದು ಗೀಟೂ ಎದ್ದು ಬರುತ್ತದೆ.

ಈ ಕೆಲಸಕ್ಕೆ ಹೊಸ ಕ್ಯಾಮರಾ ಬರುವವರೆಗೆ ಕಾಯಬೇಕಾಗಿಲ್ಲ, ಕಾಯಲೂಬಾರದು. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ತಲಪಾಡಿಯಿಂದ ಈಚೆಗೆ ರಸ್ತೆಬದಿಯ ಎಷ್ಟು ಕಟ್ಟಡಗಳು, ಎಷ್ಟು ಮರಗಳು ಹೋದವು! ಅವುಗಳಲ್ಲಿ ಕನ್ನಡದ ಹೆಸರು ಹಲಗೆಗಳೂ ಇದ್ದವು. ನಿಮ್ಮ ಅಜ್ಜಿಯ ಕೈಯಲ್ಲಿ ಹಾಳೆ ಕಟ್ಟುವ, ಚಾಪೆ ಹೆಣೆಯುವ ವಿದ್ಯೆ ಇದ್ದರೆ ಅದರ ಚಿತ್ರವನ್ನು ಈ ರಜೆಯಲ್ಲಿಯೇ ತೆಗೆಯಿರಿ.

ಫೋನು ಸೋಲುವುದು ಎರಡು ಕಡೆ: ದೂರದಲ್ಲಿ ಮತ್ತು ಕತ್ತಲೆಯ ಚಲನೆಯಲ್ಲಿ.

ಮೊದಲು ದೂರದ ಮಾತು. ಕುಂಬಳೆಯ ಬಳಿಯ ಅನಂತಪುರದ ಸರೋವರ ಕ್ಷೇತ್ರದಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ದಂಡೆಯಿಂದ ಫೋನಿನಲ್ಲಿ ತೆಗೆದ ಅದರ ಚಿತ್ರಗಳು ಎಷ್ಟೋ ಮಂದಿಯಲ್ಲಿವೆ. ಹಲವದರಲ್ಲಿ ಮೊಸಳೆಗೂ ತೇಲುವ ಕೊರಡಿಗೂ ಭೇದವಿಲ್ಲ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದುದರ ಫಲ ಅದು. ನಾಲ್ಕು ಪಟ್ಟು ಹಿಗ್ಗಿಸಿದರೆ ಉಳಿಯುವುದು ಚುಕ್ಕೆಗಳ ಹದಿನಾರನೆಯ ಒಂದು ಪಾಲು. 16 ಮೆಗಾಪಿಕ್ಸೆಲ್ ಒಂದಕ್ಕೆ ಇಳಿಯುತ್ತದೆ. ಇದು ಡಿಜಿಟಲ್ ಜೂಮ್. ಗಾಜಿನ ಲೆನ್ಸೇ ಹಿಂದೆಮುಂದೆ ಸರಿದು ದೃಶ್ಯವನ್ನು ಹತ್ತಿರ ತರುವುದು ಆಪ್ಟಿಕಲ್ ಜೂಮ್. ಅಂಗಡಿಯಲ್ಲಿ ಎರಡನೆಯದನ್ನೇ ಕೇಳಿ. ಹಕ್ಕಿ ನೋಡುವ ಹವ್ಯಾಸವುಳ್ಳವರಿಗೆ ಲೆನ್ಸು ಬದಲಾಯಿಸಲಾಗದ, ಉದ್ದ ಜೂಮಿನ ಒಂದು ಬಗೆಯ ಕ್ಯಾಮರಾ ಇದೆ. ಅದರ ಸೆನ್ಸರ್ ಸಾಮಾನ್ಯವಾಗಿ ಸಣ್ಣದಾದರೂ ಹಕ್ಕಿಗಳು ಹಗಲಿನಲ್ಲಿ ಬರುವುದರಿಂದ ಬಾಧಕವಿಲ್ಲ.

ಇನ್ನು ಯಕ್ಷಗಾನ. ಪಾರ್ತಿಸುಬ್ಬನ ಊರಿನವರಾದ ನಮಗೆ ಆಟದ ಚಿತ್ರ ತೆಗೆಯುವ ಆಸೆ ಸಹಜ. ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಯಲ್ಲಿ ವೇಷ ಹಾಕಿದ ಮಗನ ಚಿತ್ರ ಬೇಡವೆನ್ನುವ ತಾಯಿ ಯಾರು? ಇಲ್ಲಿ ಸೆನ್ಸರಿಗಿಂತಲೂ ಲೆನ್ಸು ಮುಖ್ಯ. ಧೀಂಗಿಣ ಹಾಕುವ ವೇಷವನ್ನು ಸ್ಫುಟವಾಗಿ ಹಿಡಿಯಬೇಕಾದರೆ ಕ್ಯಾಮರಾದ ಕಣ್ಣು ಸೆಕೆಂಡಿನ 250ನೆಯ ಒಂದು ಪಾಲಿಗಿಂತ ಹೆಚ್ಚು ಹೊತ್ತು ತೆರೆದಿರಬಾರದು. 30ನೆಯ ಒಂದು ಪಾಲಾದರೆ ವೇಷದ ಬದಲು ಹತ್ತಿಯ ಉಂಡೆ ಕಾಣುತ್ತದೆ. ಅಷ್ಟು ಕಿರು ಅವಧಿಯಲ್ಲಿ ಸಾಕಷ್ಟು ಬೆಳಕು ಒಳಬರಲು ಲೆನ್ಸಿನ ಕಿಂಡಿ ದೊಡ್ಡದಿರಬೇಕು. ಕಿಂಡಿಯ ಅಳತೆಯನ್ನು ಎಫ್ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಇದು ತಲೆಕೆಳಗಾದ ಲೆಕ್ಕ, ನೆನಪಿಡಿ. ಕ್ಯಾಮರಾದ ಜೊತೆಗೆ ಕೊಡುವ 18-55 ಮಿಲಿಮೀಟರಿನ ಲೆನ್ಸು ಜೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್ 5.6ರಲ್ಲಿ ನಿಲ್ಲುತ್ತದೆ. 50 ಮಿಲಿಮೀಟರಿನ, ಜೂಮಿಲ್ಲದ, ಎಫ್ 1.8ರ ಲೆನ್ಸು ಅದಕ್ಕಿಂತ ಹತ್ತಿರ ಹತ್ತಿರ ಹತ್ತುಪಟ್ಟು ಬೆಳಕನ್ನು ಬಿಡುತ್ತದೆ. ಲೆನ್ಸುಗಳ ಪೈಕಿ ಅಗ್ಗವಾದವುಗಳಲ್ಲಿ ಅದೂ ಒಂದು. ಹಳೆಯ ಕ್ಯಾಮರಾ, ಈ ಒಂದು ಲೆನ್ಸು, ರಂಗಸ್ಥಳದ ಎದುರು ನೆಲದ ಮೇಲೆ ಒಂದು ಜಾಗ. ಇಷ್ಟಿದ್ದರೆ ಹೊಸ ಕ್ಯಾಮರಾದಲ್ಲಿ ಜೊತೆಯ ಲೆನ್ಸು ಹಾಕಿ ಹಿಂದಿನ ಸಾಲಿನಲ್ಲಿ ಕುಳಿತವರಿಗಿಂತ ಒಳ್ಳೆಯ ಚಿತ್ರ ಸಿಗುತ್ತದೆ. ಫ್ಲ್ಯಾಶ್ ಹಾಕಬೇಡಿ. ಕುಣಿಯುವವರ ಕಣ್ಣು ಕೋರೈಸುತ್ತದೆ; ಕ್ಯಾಮರಾದ ಸ್ವಂತ ಫ್ಲ್ಯಾಶಿನ ಬೆಳಕು ನಾಲ್ಕೈದು ಮೀಟರಿನಾಚೆ ತಲಪುವುದೂ ಕಷ್ಟ. ಚೌಕಿಯಲ್ಲಿ, ಭೂತದ ಕೋಲದಲ್ಲಿ ಕೇಳಿಯೇ ತೆಗೆಯಬೇಕು, ಬೇಡವೆಂದರೆ ಬೇಡ.

ಲೆನ್ಸು ಬದಲಾಯಿಸುವ ಕ್ಯಾಮರಾಗಳಲ್ಲಿ ಒಳಗೆ ಕನ್ನಡಿಯುಳ್ಳ ಡಿ.ಎಸ್.ಎಲ್.ಆರ್., ಕನ್ನಡಿಯಿಲ್ಲದ ಮಿರರ್‌ಲೆಸ್ ಎಂದು ಎರಡು ವಿಧ. ಈಗ ಬರುವ ಹೊಸ ಮಾದರಿಗಳು ಬಹುಪಾಲು ಎರಡನೆಯ ವಿಧದವು. ಹಗುರ, ಬೆಲೆ ಹೆಚ್ಚು, ಬ್ಯಾಟರಿ ಬೇಗ ಮುಗಿಯುತ್ತದೆ. ಕಲಿಯುವವರಿಗೆ ಡಿ.ಎಸ್.ಎಲ್.ಆರ್. ಏನೂ ಕಡಮೆಯಲ್ಲ. ಲಿಟಲ್ ಕೈಟ್ಸ್ ಘಟಕದ ಮಕ್ಕಳು ಶಾಲೆಯಲ್ಲಿ ಹಿಡಿದು ಕಲಿಯುವುದು ಅದನ್ನೇ. ಕ್ಯಾನನ್ನೋ ನಿಕಾನ್ನೋ ಸೋನಿಯೋ ಎಂಬ ವಾದದಲ್ಲಿ ಹುರುಳಿಲ್ಲ. ಆದರೆ ಒಂದರ ಲೆನ್ಸು ಇನ್ನೊಂದಕ್ಕೆ ನೇರವಾಗಿ ಹೊಂದದಿರುವುದರಿಂದ, ಅಣ್ಣನಲ್ಲಿಯೋ ನೆರೆಮನೆಯಲ್ಲಿಯೋ ಯಾವುದಿದೆಯೋ ಅದನ್ನೇ ಕೊಂಡರೆ ಲೆನ್ಸು ಎರವಲು ಸಿಗುತ್ತದೆ.

ಮದುವೆ ಚಿತ್ರ ತೆಗೆದು ಸಂಪಾದಿಸುವೆನೆಂದು ಸಾಲ ಮಾಡಹೊರಟ ಹುಡುಗರಿಗೆ ಒಂದು ಮಾತು: ಮೊದಲು ಒಂದು ಸ್ಟುಡಿಯೋದಲ್ಲಿ ಒಂದು ಹಂಗಾಮು ಕೆಲಸ ಮಾಡಿ. ಕ್ಯಾಮರಾದ ಬೆಲೆಗೆ ಲೆನ್ಸು, ಎರಡನೆಯ ಬ್ಯಾಟರಿ, ಕಾರ್ಡು, ಫ್ಲ್ಯಾಶ್, ಕಂಪ್ಯೂಟರ್ ಸೇರಿದರೆ ಮೊತ್ತ ಸುಲಭವಾಗಿ ಇಮ್ಮಡಿಯಾಗುತ್ತದೆಂದು ಅಲ್ಲಿ ತಿಳಿಯುತ್ತದೆ. ಕೊಂಡಮೇಲೆ ತಿಳಿಯುವುದಕ್ಕಿಂತ ಅದು ಮೇಲು.

ಬಳಸಿದ ಕ್ಯಾಮರಾವನ್ನು ಕೊಳ್ಳಲು ನಾಚಬೇಕಾಗಿಲ್ಲ. ಲೆನ್ಸನ್ನು ಬಿಚ್ಚಿ, ಹಿಂದಿನಿಂದ ಟಾರ್ಚು ಹಾಯಿಸಿ ಮುಂದಿನಿಂದ ನೋಡಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಸ್ಟು, ಬಿಟ್ಟುಬಿಡಿ. ಎಷ್ಟು ಸಾವಿರ ಸಲ ಒತ್ತಲಾಗಿದೆ ಎಂಬ ಲೆಕ್ಕ ಹಲವು ಕ್ಯಾಮರಾಗಳಲ್ಲಿ ಸಿಗುತ್ತದೆ, ಕೇಳಿ. ಒಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮೂಲೆಗಳನ್ನು ಪರೀಕ್ಷಿಸಿ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಊರಿನಲ್ಲಿ ಕ್ಯಾಮರಾವನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಬೀಗ ಹಾಕಿದರೆ ಬೂಸ್ಟಿಗೆ ಆಹ್ವಾನ ಕೊಟ್ಟಂತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಯಿಸುವ ಜಾತಿಯ ಜೆಲ್ಲಾದರೆ, ತೇವ ಹೀರಿ ಬಣ್ಣ ತಿರುಗಿದಾಗ ಹದವಾದ ಬಿಸಿಯಲ್ಲಿ ಒಣಗಿಸಿ ಪುನಃ ಬಳಸಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ ವಾರಕ್ಕೊಮ್ಮೆಯಾದರೂ ಕ್ಯಾಮರಾವನ್ನು ಹೊರತೆಗೆದು, ಜಗಲಿಯಲ್ಲಿ ಕುಳಿತು ಮಳೆಯದ್ದೋ ಬೆಕ್ಕಿನದ್ದೋ ನಾಲ್ಕು ಚಿತ್ರ ತೆಗೆದು, ಒಣಬಟ್ಟೆಯಿಂದ ಒರಸಿ ಒಳಗಿಡಿ.