ಮನೆಶಿಕ್ಷಣ ಮತ್ತು ಮನೆಯಿಂದ ಕೆಲಸ

ಮನೆಶಿಕ್ಷಣ (ಹೋಮ್‌ಸ್ಕೂಲಿಂಗ್) ಎಂದರೆ ಮಕ್ಕಳನ್ನು ಶಾಲೆಗೆ ಕಳುಹಿಸದೆ, ತಂದೆತಾಯಿಗಳೇ ಹೊಣೆ ಹೊತ್ತು ಮನೆಯಲ್ಲಿ ವಿದ್ಯಾಭ್ಯಾಸ ನೀಡುವ ಪದ್ಧತಿ. ಶಾಲೆಗೆ ಹೋಗುವ ಮಗುವಿಗೆ ಸಂಜೆ ಹೇಳಿಕೊಡುವ ಮನೆಪಾಠಕ್ಕಿಂತ ಇದು ಭಿನ್ನವಾದುದು. ಇಲ್ಲಿ ಶಾಲೆಯ ಸ್ಥಾನವನ್ನೇ ಮನೆ ತುಂಬುತ್ತದೆ. ತಂದೆ ಅಥವಾ ತಾಯಿ ಮನೆಯಿಂದಲೇ ಉದ್ಯೋಗ ಮಾಡುವ ಕುಟುಂಬಗಳಲ್ಲಿ ಕಲಿಸುವ ಕೆಲಸವೂ ಸಂಪಾದನೆಯ ಕೆಲಸವೂ ಒಂದೇ ಸೂರಿನಡಿ ನಡೆಯುತ್ತವೆ. ಮನೆಯಲ್ಲಿರುವುದು ಮತ್ತು ಬಿಡುವಾಗಿರುವುದು ಒಂದೇ ಅಲ್ಲ. ಆದ್ದರಿಂದ ಇಂತಹ ಕುಟುಂಬಗಳಲ್ಲಿ ಸಮಯದ ಹಂಚಿಕೆಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಸಾರ್ವಜನಿಕ ಶಾಲೆಗಳು ಹರಡುವುದಕ್ಕೆ ಮೊದಲು ಹೆಚ್ಚಿನ ಮಕ್ಕಳು ಕಸುಬನ್ನೂ ಲೋಕಜ್ಞಾನವನ್ನೂ ಮನೆಯಲ್ಲಿಯೇ ಕಲಿಯುತ್ತಿದ್ದರು. ಕನ್ನಡ ನಾಡಿನ ಊರುಗಳಲ್ಲಿ ಓದು, ಬರಹ ಮತ್ತು ಲೆಕ್ಕವನ್ನು ಐಗಳು ನಡೆಸುತ್ತಿದ್ದ ಕೂಲಿಮಠಗಳಲ್ಲಿ ಕಲಿಸಲಾಗುತ್ತಿತ್ತು. ಅನುಕೂಲಸ್ಥ ಕುಟುಂಬಗಳು ಶಿಕ್ಷಕರನ್ನು ಮನೆಗೇ ಕರೆಸುತ್ತಿದ್ದವು. ರವೀಂದ್ರನಾಥ ಠಾಕೂರರ ಬಾಲ್ಯದ ಶಿಕ್ಷಣದ ಬಹುಪಾಲು ಹೀಗೆ ಮನೆಯಲ್ಲಿ ನಡೆಯಿತು.

ಇಂದಿನ ಅರ್ಥದ ಮನೆಶಿಕ್ಷಣವು ಶಾಲೆ ಲಭ್ಯವಿದ್ದರೂ ಅದನ್ನು ಬಿಟ್ಟು ಮಾಡುವ ಆಯ್ಕೆಯಾಗಿದೆ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ 1964ರಲ್ಲಿ 'ಹೌ ಚಿಲ್ಡ್ರನ್ ಫೇಲ್' ಎಂಬ ಕೃತಿಯನ್ನು ಪ್ರಕಟಿಸಿ, ಶಾಲೆಯಲ್ಲಿ ತಪ್ಪು ಮಾಡುವ ಭಯವು ಮಕ್ಕಳ ಕಲಿಕೆಯನ್ನು ಕುಂಠಿತಗೊಳಿಸುತ್ತದೆ ಎಂದು ವಾದಿಸಿದರು. ಮನೆಯಲ್ಲಿ ಕಲಿಸುವ ಕುಟುಂಬಗಳಿಗಾಗಿ ಅವರು 1977ರಲ್ಲಿ 'ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್' ಎಂಬ ಪತ್ರಿಕೆಯನ್ನು ಆರಂಭಿಸಿದರು. 1990ರ ದಶಕದ ಮೊದಲ ವರ್ಷಗಳ ವೇಳೆಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಮನೆಶಿಕ್ಷಣಕ್ಕೆ ಕಾನೂನಿನ ಅವಕಾಶ ದೊರೆತಿತ್ತು. ಇಂಗ್ಲೆಂಡಿನ 1996ರ ಶಿಕ್ಷಣ ಕಾಯಿದೆಯೂ ಶಾಲೆಯ ಹೊರಗಿನ ಶಿಕ್ಷಣಕ್ಕೆ ಅವಕಾಶ ನೀಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಜರ್ಮನಿಯಲ್ಲಿ ಶಾಲಾ ಹಾಜರಾತಿ ಕಡ್ಡಾಯವಾಗಿದೆ.

ಭಾರತದ ಕಾನೂನು

2002ರ 86ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 21ಎ ಅನುಚ್ಛೇದವು ಸೇರ್ಪಡೆಯಾಯಿತು. 6ರಿಂದ 14 ವರ್ಷದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಇದರಿಂದ ಮೂಲಭೂತ ಹಕ್ಕಾಯಿತು. ಇದನ್ನು ಜಾರಿಗೆ ತರುವ ಶಿಕ್ಷಣ ಹಕ್ಕು ಕಾಯಿದೆಯು 2009ರಲ್ಲಿ ಅಂಗೀಕಾರಗೊಂಡು 2010ರ ಏಪ್ರಿಲ್ 1ರಂದು ಜಾರಿಯಾಯಿತು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಇದರ 10ನೇ ಸೆಕ್ಷನ್ ಹೇಳುತ್ತದೆ. ಕಾಯಿದೆ ನೀಡುವ 'ಶಾಲೆ'ಯ ವ್ಯಾಖ್ಯೆಯಲ್ಲಿ ಮನೆ ಸೇರಿಲ್ಲ. ಆದರೆ ಈ ಕರ್ತವ್ಯವನ್ನು ಪಾಲಿಸದ ಪೋಷಕರಿಗೆ ಕಾಯಿದೆಯಲ್ಲಿ ಯಾವ ದಂಡನೆಯನ್ನೂ ಸೂಚಿಸಿಲ್ಲ. ಹೀಗಾಗಿ ಮನೆಶಿಕ್ಷಣವು ಕಾಯಿದೆಯಲ್ಲಿ ಸ್ಪಷ್ಟ ಮಾನ್ಯತೆಯನ್ನಾಗಲಿ, ಶಿಕ್ಷೆಯನ್ನಾಗಲಿ ಪಡೆಯದ ಸ್ಥಿತಿಯಲ್ಲಿದೆ.

ಸಮಯದ ಹಂಚಿಕೆ

ದಿನಕ್ಕೆ ಎಷ್ಟು ಹೊತ್ತು ಕಲಿಸಬೇಕು ಎಂಬುದು ಮನೆಯಿಂದ ಕೆಲಸ ಮಾಡುವ ಪೋಷಕರ ಮುಖ್ಯ ಪ್ರಶ್ನೆ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗಳಿಗೆ ವಿಧಿಸಿರುವ ಪ್ರಮಾಣವನ್ನು ಇಲ್ಲಿ ಹೋಲಿಕೆಗಾಗಿ ನೋಡಬಹುದು. 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಮತ್ತು 800 ಗಂಟೆ, 6ರಿಂದ 8ನೇ ತರಗತಿಗೆ 220 ದಿನ ಮತ್ತು 1000 ಗಂಟೆ ಬೋಧನೆ ನಡೆಯಬೇಕು. ಅಂದರೆ ಕಿರಿಯರಿಗೆ ದಿನಕ್ಕೆ 4 ಗಂಟೆ, ಹಿರಿಯರಿಗೆ ಸುಮಾರು ನಾಲ್ಕೂವರೆ ಗಂಟೆ. ಈ ಅವಧಿ ಇಡೀ ತರಗತಿಗೆ ಸೇರಿದ್ದು. ಒಂದೇ ಮಗುವಿಗೆ ಕಲಿಸುವಾಗ ಹಾಜರಿ ಕರೆಯುವ, ಇತರರಿಗಾಗಿ ಕಾಯುವ ಹೊತ್ತು ಉಳಿಯುತ್ತದೆ.

ಮಗುವಿನ ವಯಸ್ಸಿಗಿಂತಲೂ ಅದು ತಾನಾಗಿ ಓದಬಲ್ಲದೇ ಎಂಬುದು ಈ ಹಂಚಿಕೆಯಲ್ಲಿ ಹೆಚ್ಚು ಮುಖ್ಯ. ಅಕ್ಷರ ಕಲಿಯುತ್ತಿರುವ ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತಿರಬೇಕಾಗುತ್ತದೆ. ಸರಾಗವಾಗಿ ಓದುವ ಮಗುವಾದರೆ ಸೂಚನೆ ಪಡೆದು ಅರ್ಧ ಗಂಟೆಯಾದರೂ ಸ್ವತಂತ್ರವಾಗಿ ಅಭ್ಯಾಸ ಮಾಡಬಲ್ಲದು. ಆದುದರಿಂದ ಇಂತಹ ಕುಟುಂಬಗಳು ಸಾಮಾನ್ಯವಾಗಿ ಮೂರು ಕ್ರಮಗಳನ್ನು ಅನುಸರಿಸುತ್ತವೆ.

* ಸರದಿ: ತಂದೆತಾಯಿಗಳು ಹೊತ್ತನ್ನು ಹಂಚಿಕೊಂಡು, ಒಬ್ಬರು ಉದ್ಯೋಗದಲ್ಲಿರುವಾಗ ಮತ್ತೊಬ್ಬರು ಮಗುವಿನ ಕಲಿಕೆಯನ್ನು ನೋಡಿಕೊಳ್ಳುತ್ತಾರೆ.
* ಉದ್ಯೋಗದ ವಿಂಗಡಣೆ: ಸಭೆ, ದೂರವಾಣಿ ಕರೆಗಳಂತಹ ನಿಗದಿತ ವೇಳೆಯ ಕೆಲಸವನ್ನು, ಅನುವಾದ, ಲೆಕ್ಕಪತ್ರ ಅಥವಾ ವರದಿ ಬರೆಯುವಂತಹ ಯಾವ ಹೊತ್ತಿನಲ್ಲಾದರೂ ಮಾಡಬಹುದಾದ ಕೆಲಸದಿಂದ ಬೇರ್ಪಡಿಸಲಾಗುತ್ತದೆ.
* ಪಾಠದ ವಿಂಗಡಣೆ: ಗಣಿತದ ಹೊಸ ಪರಿಕಲ್ಪನೆಯಂತಹ ವಿವರಣೆ ಬೇಡುವ ಪಾಠವನ್ನು ಪೋಷಕರು ಬಿಡುವಾಗಿರುವ ವೇಳೆಗೆ ಇಟ್ಟು, ಶುದ್ಧಬರಹ, ಓದು, ಚಿತ್ರಕಲೆ ಮತ್ತು ಲೆಕ್ಕದ ಅಭ್ಯಾಸವನ್ನು ಸಭೆಯ ವೇಳೆಗೆ ಇಡಲಾಗುತ್ತದೆ.

ಉದಾಹರಣೆಗೆ, ಎಂಟು ವರ್ಷದ ಮಗುವಿಗೆ ಬೆಳಿಗ್ಗೆ ಉದ್ಯೋಗ ಆರಂಭವಾಗುವ ಮೊದಲು ಒಂದು ಗಂಟೆ ಭಾಗಾಕಾರ ಕಲಿಸಿ, ನಂತರದ ಅವಧಿಗೆ ಅದರದೇ ಐದು ಲೆಕ್ಕಗಳನ್ನು ಕೊಡಬಹುದು. ಮಧ್ಯಾಹ್ನ ಊಟದ ಬಳಿಕ ಅವನ್ನು ತಿದ್ದಬಹುದು. ಒಂದೇ ಗಂಟೆಯನ್ನು ಸಭೆಗೂ ಪಾಠಕ್ಕೂ ಮೀಸಲಿಟ್ಟರೆ ಎರಡೂ ಕೆಡುತ್ತವೆ.

ಕೋವಿಡ್ ಕಾಲದ ಅನುಭವ

2020ರ ಮಾರ್ಚ್ ತಿಂಗಳಿನಲ್ಲಿ ಶಾಲೆಗಳು ಮುಚ್ಚಿದಾಗ ಅಸಂಖ್ಯಾತ ಕುಟುಂಬಗಳಲ್ಲಿ ಉದ್ಯೋಗ ಮತ್ತು ಪಾಠ ಒಟ್ಟಿಗೆ ಮನೆಗೆ ಬಂದವು. ಕರ್ನಾಟಕದಲ್ಲಿ ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ಕಲಿಸುವ 'ವಿದ್ಯಾಗಮ' ಯೋಜನೆಯೂ, ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳೂ ಆರಂಭವಾದವು. ಆದರೆ ಇದನ್ನು ಮನೆಶಿಕ್ಷಣವೆಂದು ಕರೆಯುವುದು ಸರಿಯಲ್ಲ. ಪಠ್ಯಕ್ರಮ, ಶಿಕ್ಷಕರು, ವೇಳಾಪಟ್ಟಿ ಎಲ್ಲವೂ ಶಾಲೆಯವೇ ಆಗಿದ್ದವು. ಮನೆ ಕೇವಲ ಸ್ಥಳವಾಗಿತ್ತು. ಒಂದೇ ಮೊಬೈಲ್ ಇದ್ದ ಮನೆಗಳಲ್ಲಿ ಪೋಷಕರ ಉದ್ಯೋಗಕ್ಕೂ ಮಕ್ಕಳ ತರಗತಿಗೂ ಅದನ್ನೇ ಹಂಚಿಕೊಳ್ಳಬೇಕಾಯಿತು.

ಪರೀಕ್ಷೆ ಮತ್ತು ಪ್ರಮಾಣಪತ್ರ

ಮನೆಯಲ್ಲಿ ಕಲಿತ ಮಗು ಕಾಲೇಜು ಸೇರಲು ಮಾನ್ಯತೆ ಪಡೆದ ಪ್ರಮಾಣಪತ್ರ ಬೇಕು. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) ಇದಕ್ಕೆ ಪ್ರಮುಖ ಮಾರ್ಗ. ಇದರ ಮುಕ್ತ ಮೂಲಶಿಕ್ಷಣದ ಎ, ಬಿ ಮತ್ತು ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮಾನ. ಹತ್ತನೇ ತರಗತಿಗೆ ಸಮಾನವಾದ ಸೆಕೆಂಡರಿ ಕೋರ್ಸಿಗೆ 14 ವರ್ಷ ತುಂಬಿರಬೇಕು; ಕನ್ನಡವನ್ನು ಒಂದು ಭಾಷಾ ವಿಷಯವಾಗಿ ಆಯ್ದುಕೊಳ್ಳಬಹುದು. ಸಾರ್ವಜನಿಕ ಪರೀಕ್ಷೆಗಳು ವರ್ಷಕ್ಕೆ ಎರಡು ಬಾರಿ ನಡೆಯುತ್ತವೆ. ಕರ್ನಾಟಕದಲ್ಲಿ ಖಾಸಗಿ ಅಭ್ಯರ್ಥಿಗಳಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುವ ಅವಕಾಶವೂ ಇದೆ.

ಮಿತಿಗಳು

ಪೋಷಕರಿಗೆ ಎಲ್ಲ ವಿಷಯಗಳಲ್ಲಿ ಪರಿಣತಿ ಇರುವುದಿಲ್ಲ. ಪ್ರಯೋಗಾಲಯ, ಆಟದ ಮೈದಾನ ಮತ್ತು ಸಹಪಾಠಿಗಳ ಕೊರತೆಯೂ ಉಂಟು. ಸರ್ಕಾರಿ ಶಾಲೆಯ ಮಧ್ಯಾಹ್ನದ ಬಿಸಿಯೂಟ, ಉಚಿತ ಪಠ್ಯಪುಸ್ತಕಗಳಂತಹ ಸೌಲಭ್ಯಗಳು ದೊರೆಯುವುದಿಲ್ಲ. ದಿನಗೂಲಿಯನ್ನು ಅವಲಂಬಿಸಿದ ಕುಟುಂಬಗಳಿಗೆ ಈ ಆಯ್ಕೆ ಇಲ್ಲವೇ ಇಲ್ಲ ಎನ್ನಬಹುದು. ಉದ್ಯೋಗ, ಅಡುಗೆ ಮತ್ತು ಪಾಠ ಮೂರೂ ತಾಯಿಯೊಬ್ಬಳ ಮೇಲೆಯೇ ಬಿದ್ದರೆ ಮೊದಲು ಮೊಟಕಾಗುವುದು ಆಕೆಯ ಉದ್ಯೋಗ ಅಥವಾ ವಿಶ್ರಾಂತಿ. ಮನೆಯಿಂದ ಕೆಲಸ ಮಾಡುವ ಅವಕಾಶವು ಈ ಹೊರೆಯನ್ನು ತಾನಾಗಿ ಇಳಿಸುವುದಿಲ್ಲ.

ಮನೆಶಿಕ್ಷಣವನ್ನು ಕೈಬಿಟ್ಟು ಶಾಲೆಗೆ ಮರಳುವ ದಾರಿ ತೆರೆದಿದೆ. ಆರು ವರ್ಷ ಮೀರಿದ, ಶಾಲೆಗೆ ಸೇರಿರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದೂ, ಇತರರ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕು ಅಂತಹ ಮಗುವಿಗೆ ಇದೆಯೆಂದೂ ಶಿಕ್ಷಣ ಹಕ್ಕು ಕಾಯಿದೆಯ 4ನೇ ಸೆಕ್ಷನ್ ತಿಳಿಸುತ್ತದೆ.