ತುಂಗಭದ್ರಾ ಹೇಗೆ ತುಂಗಭದ್ರೆಯಾದಳು?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದ ಬದಿಯಲ್ಲಿ ಹರಿಯುವ ಹೊಳೆಯ ಹೆಸರಿಗೆ ಎರಡು ರೂಪಗಳಿವೆ. ಭೂಪಟದಲ್ಲಿ, ನೀರಾವರಿ ಇಲಾಖೆಯ ಕಾಗದಗಳಲ್ಲಿ ಅದು 'ತುಂಗಭದ್ರಾ'. ಅದೇ ಹೆಸರು ಕನ್ನಡ ವಾಕ್ಯದೊಳಕ್ಕೆ ಕಾಲಿಟ್ಟ ಕೂಡಲೇ 'ತುಂಗಭದ್ರೆ' ಆಗುತ್ತದೆ. ತುಂಗಭದ್ರೆಗೆ ನೀರು ಬಂತು, ತುಂಗಭದ್ರೆಯಲ್ಲಿ ಪ್ರವಾಹ ಎನ್ನುತ್ತೇವೆ. ಬಾಯಿಗೆ ಸಲೀಸಾಗಿ ಬರುವ ಈ ಸಣ್ಣ ಬದಲಾವಣೆಯ ಹಿಂದೆ ಕನ್ನಡ ವ್ಯಾಕರಣದ ಒಂದು ದೊಡ್ಡ ತತ್ವವೇ ಇದೆ. ಪದ ಎಲ್ಲಿಂದಲಾದರೂ ಬರಲಿ, ಒಳಗೆ ಬಂದ ಮೇಲೆ ಅದು ಮನೆಯ ಕಟ್ಟಳೆಗೆ ತಲೆಬಾಗಬೇಕು.

ಕೆಂಚನಗುಡ್ಡ ಎಂಬುದು ಅಚ್ಚಗನ್ನಡದ ಹೆಸರು. ಆದರೆ ಅದೇ ಊರಿನಲ್ಲಿರುವ, ರಾಘವೇಂದ್ರ ಸ್ವಾಮಿಗಳ ಮಠದ ಪರಂಪರೆಗೆ ಸೇರಿದ ವಸುಧೇಂದ್ರ ತೀರ್ಥರ ವೃಂದಾವನವನ್ನು ಹೆಸರಿಸುವಾಗ ಬರುವ ಪದಗಳು ಸಂಸ್ಕೃತದವು. 'ವಸುಧಾ' ಮತ್ತು 'ಇಂದ್ರ' ಸೇರಿ ವಸುಧೇಂದ್ರ; 'ವೃಂದಾ' ಮತ್ತು 'ವನ' ಸೇರಿ ವೃಂದಾವನ. ಸಂಸ್ಕೃತ ಪದಗಳು ತಮ್ಮತಮ್ಮಲ್ಲೇ ಸಮಾಸವಾಗುವಾಗ ಅವುಗಳ ಮೂಲ ನಿಯಮಕ್ಕೆ ಕನ್ನಡ ಅಡ್ಡಿಪಡಿಸುವುದಿಲ್ಲ. ತುಂಗಭದ್ರಾ ಜಲಾಶಯ ಎನ್ನುವಾಗ ಕೊನೆಯ ದೀರ್ಘ ಉಳಿಯುವುದೂ ಇದೇ ಕಾರಣಕ್ಕೆ. ಆದರೆ 'ವಸುಧಾ' ಒಂಟಿಯಾಗಿ ಬಂದು ಕನ್ನಡದ ವಿಭಕ್ತಿ ಪ್ರತ್ಯಯವನ್ನು ಹಚ್ಚಿಕೊಳ್ಳಬೇಕೆಂದರೆ ಅದು 'ವಸುಧೆ'ಯಾಗಬೇಕು.

ಕಟ್ಟಳೆ ಏನು?

ಈ ಕಟ್ಟಳೆಗಳನ್ನು ಕನ್ನಡದಲ್ಲೇ ಕ್ರಮಬದ್ಧವಾಗಿ ಹೇಳಿದವನು 13ನೇ ಶತಮಾನದ ಕೇಶಿರಾಜ. ಕ್ರಿ.ಶ. 1260ರ ಸುಮಾರಿಗೆ ಅವನು ರಚಿಸಿದ 'ಶಬ್ದಮಣಿದರ್ಪಣ' ಇಂದಿಗೂ ಹಳಗನ್ನಡ ವ್ಯಾಕರಣದ ಮುಖ್ಯ ಆಧಾರ. ಸಂಸ್ಕೃತದಿಂದ ಬಂದು, ಕೊನೆಯಲ್ಲಿ ಅಲ್ಪಸ್ವಲ್ಪ ಮಾರ್ಪಟ್ಟು ಕನ್ನಡದ ಪ್ರತ್ಯಯಕ್ಕೆ ಸಿದ್ಧವಾಗುವ ಪದಗಳನ್ನು ಹಳೆಯ ವೈಯಾಕರಣರು 'ಸಮಸಂಸ್ಕೃತ' ಎಂದು ಕರೆದರು.

ಆಕಾರಾಂತ ಪದಗಳು ಎಕಾರಾಂತವಾಗುತ್ತವೆ: ಗಂಗಾ–ಗಂಗೆ, ಸೀತಾ–ಸೀತೆ, ಭಾಷಾ–ಭಾಷೆ, ಶಾಲಾ–ಶಾಲೆ. ಈಕಾರ, ಊಕಾರಗಳು ಹ್ರಸ್ವವಾಗುತ್ತವೆ: ನದೀ–ನದಿ, ವಧೂ–ವಧು. ಋಕಾರಾಂತವಾದ ನೇತೃ 'ನೇತಾರ'ನಾದರೆ, ದಾತೃ 'ದಾತಾರ'ನಾಗುತ್ತಾನೆ. ಹನುಮಾನ್ ಹನುಮಂತನಾಗುತ್ತಾನೆ, ಭಗವಾನ್ ಭಗವಂತನಾಗುತ್ತಾನೆ. ಆ 'ವಂತ'ವನ್ನೇ ಕನ್ನಡ ಬೇರೆಡೆಗೂ ಒಯ್ದು ಸಿರಿವಂತ, ಹಣವಂತ ಎಂಬ ಪದಗಳನ್ನು ಕಟ್ಟಿಕೊಂಡಿತು.

ಮನೆ, ಕೆರೆ, ಎಲೆ, ಹೊಳೆ ಹೀಗೆ ಎಕಾರದಲ್ಲಿ ಮುಗಿಯುವ ಪದಗಳು ಕನ್ನಡದಲ್ಲಿ ಹೇರಳ. ಗಂಗೆ, ಶಾಲೆಗಳು ಅದೇ ಅಚ್ಚಿಗೆ ಇಳಿದವು. ಕೆರೆಗೆ, ಕೆರೆಯಲ್ಲಿ ಎಂಬಂತೆಯೇ ಶಾಲೆಗೆ, ಶಾಲೆಯಲ್ಲಿ. ಕೆಂಚನಗುಡ್ಡದಿಂದ ಅನತಿ ದೂರದಲ್ಲಿ ಗಡಿ ದಾಟಿ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಗೆ ಹೋದರೆ ಇದೇ ಪದಗಳು ಬೇರೆ ರೂಪ ತಾಳುತ್ತವೆ. ತೆಲುಗಿನಲ್ಲಿ ಕೊನೆಯ ದೀರ್ಘ ಬರಿಯ ಹ್ರಸ್ವವಾಗುತ್ತದೆ: ಗಂಗ, ಸೀತ, ಭಾಷ, ತುಂಗಭದ್ರ. ರಾಮ ಅಲ್ಲಿ 'ರಾಮುಡು'. ಕೊಟ್ಟ ಭಾಷೆ ಒಂದೇ, ಪಡೆದ ಭಾಷೆಗಳು ಎರಡು, ಮಾಡಿಕೊಂಡ ಏರ್ಪಾಡು ಎರಡು ಬಗೆ.

ಪತ್ನಿಗೆ ಮೂರು ಲಿಂಗ

ಬದಲಾವಣೆ ಪದದ ಕೊನೆಗಷ್ಟೇ ಸೀಮಿತವಲ್ಲ. ಸಂಸ್ಕೃತದಲ್ಲಿ ಲಿಂಗ ಪದಕ್ಕೆ ಅಂಟಿದ್ದು. ಅಲ್ಲಿ ಹೆಂಡತಿ ಎಂಬರ್ಥದ 'ದಾರ' ಪುಲ್ಲಿಂಗ, 'ಭಾರ್ಯಾ' ಸ್ತ್ರೀಲಿಂಗ, 'ಕಲತ್ರ' ನಪುಂಸಕ ಲಿಂಗ! ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಸಂಸ್ಕೃತದಲ್ಲಿ ವೃಕ್ಷ ಪುಲ್ಲಿಂಗವಾದರೂ ಕನ್ನಡದಲ್ಲಿ ವೃಕ್ಷ 'ಬಿದ್ದನು' ಎನ್ನುವಂತಿಲ್ಲ, 'ಬಿದ್ದಿತು' ಎನ್ನಬೇಕು. ಗೆಳೆಯ ಎಂಬರ್ಥದ 'ಮಿತ್ರ' ಸಂಸ್ಕೃತದಲ್ಲಿ ನಪುಂಸಕ. ಕನ್ನಡದಲ್ಲಿ ಮಿತ್ರ ಬಂದನು. ತುಂಗಭದ್ರೆ ನೀರಾಗಿ ಕಂಡಾಗ 'ಹರಿಯುತ್ತದೆ', ತಾಯಿಯಾಗಿ ಕಂಡಾಗ 'ಹರಿಯುತ್ತಾಳೆ'. ಇಲ್ಲಿ ತೀರ್ಮಾನ ಆಡುವವರ ಭಾವದ್ದೇ ಹೊರತು ಸಂಸ್ಕೃತ ನಿಘಂಟಿನದ್ದಲ್ಲ.

ರೋಮಿನಲ್ಲೂ ಇದೇ ಕಥೆ

ಇಂಥ ಪ್ರಶ್ನೆ ಕನ್ನಡಕ್ಕೆ ಮಾತ್ರ ಎದುರಾದದ್ದಲ್ಲ. ಕನ್ನಡಕ್ಕೆ ಸಂಸ್ಕೃತ ಹೇಗೋ ಪ್ರಾಚೀನ ರೋಮನ್ನರ ಲ್ಯಾಟಿನ್ನಿಗೆ ಗ್ರೀಕ್ ಹಾಗೆ, ವಿದ್ಯೆಯ ಭಾಷೆಯಾಗಿತ್ತು. ಮೊದಮೊದಲು ಬಂದ ಗ್ರೀಕ್ ಪದಗಳನ್ನು ಲ್ಯಾಟಿನ್ ತನ್ನ ಅಚ್ಚಿಗೆ ಇಳಿಸಿಕೊಂಡಿತು. ಗ್ರೀಕಿನ 'ಎಪಿಸ್ಟೊಲೇ' (ಪತ್ರ) ಲ್ಯಾಟಿನ್ನಿನಲ್ಲಿ 'ಎಪಿಸ್ಟುಲ', 'ಪೊಯೇಟೇಸ್' (ಕವಿ) 'ಪೊಯೇಟ' ಆದವು. ಕನ್ನಡ ಆಕಾರವನ್ನು ಎಕಾರ ಮಾಡಿದರೆ ಲ್ಯಾಟಿನ್ ಏಕಾರವನ್ನು ಅಕಾರ ಮಾಡಿತು. ದಿಕ್ಕು ತಿರುವುಮುರುವಾದರೂ ತತ್ವ ಒಂದೇ. ಮಹಾಪ್ರಾಣಗಳೂ ಮೊದಲು ಅಲ್ಪಪ್ರಾಣಗಳಾದವು. ಬಾಕ್ಕಸ್ ದೇವತೆಯ ಉತ್ಸವಗಳನ್ನು ನಿರ್ಬಂಧಿಸಿ ರೋಮಿನ ಸೆನೆಟ್ ಕ್ರಿ.ಪೂ. 186ರಲ್ಲಿ ಹೊರಡಿಸಿದ ಆಜ್ಞೆಯ ಕಂಚಿನ ಶಾಸನದಲ್ಲಿ ಆ ದೇವತೆಯ ಹೆಸರಿನ ಗ್ರೀಕ್ ಮಹಾಪ್ರಾಣ ಕಾಣುವುದಿಲ್ಲ.

ಮುಂದೆ ವಿದ್ವತ್ತು ಬೆಳೆದಂತೆ ಕವಿಗಳು ಗ್ರೀಕ್ ಹೆಸರುಗಳಿಗೆ ಗ್ರೀಕ್ ವಿಭಕ್ತಿಯನ್ನೇ ಉಳಿಸತೊಡಗಿದರು. ವರ್ಜಿಲ್ ಕವಿ ತನ್ನ ನಾಯಕ ಈನಿಯಸನ ಹೆಸರಿಗೆ ದ್ವಿತೀಯಾ ವಿಭಕ್ತಿಯಲ್ಲಿ ಗ್ರೀಕರಂತೆ ನಕಾರವನ್ನು ಹಚ್ಚಿದ, ಲ್ಯಾಟಿನ್ನಿನ ಮಕಾರವನ್ನಲ್ಲ. ಒಂದನೇ ಶತಮಾನದ ಶಿಕ್ಷಣತಜ್ಞ ಕ್ವಿಂಟಿಲಿಯನ್ ಇದನ್ನು ಚರ್ಚಿಸಿ, ಕಿವಿಗೆ ಅಸಹಜವಾಗದಷ್ಟು ಮಟ್ಟಿಗೆ ಲ್ಯಾಟಿನ್ನಿನ ರೀತಿಯನ್ನೇ ಅನುಸರಿಸುವುದು ತನಗೆ ಒಪ್ಪಿಗೆ ಎಂದ.

ಕನ್ನಡದಲ್ಲೂ ಇಂಥ ಹಿಮ್ಮುಖ ಚಲನೆ ಇದೆ. ಇಂದು ಹೆಣ್ಣುಮಕ್ಕಳ ಹೆಸರು ಗೀತಾ, ವಿದ್ಯಾ, ಪ್ರತಿಭಾ ಎಂದು ದೀರ್ಘದಲ್ಲೇ ಉಳಿಯುತ್ತದೆ. ಇದರಿಂದ ಒಂದು ಅನುಕೂಲವೂ ಆಗಿದೆ: ಗೀತಾ ಗೀತೆ ಹಾಡಿದಳು, ವಿದ್ಯಾ ವಿದ್ಯೆ ಕಲಿತಳು. ಆದರೂ 'ಗೀತಾಳಿಗೆ' ಎಂದು ವಿಭಕ್ತಿ ಹಚ್ಚುವಾಗ ಪ್ರತ್ಯಯ ಕನ್ನಡದ್ದೇ. ಲ್ಯಾಟಿನ್ ಕವಿಗಳು ಗ್ರೀಕ್ ಪ್ರತ್ಯಯವನ್ನೇ ತಂದರು. ಕನ್ನಡ ಪದವನ್ನು ತಂದಿತೇ ವಿನಾ ಸಂಸ್ಕೃತದ ವಿಭಕ್ತಿಯನ್ನು ತನ್ನದಾಗಿಸಿಕೊಳ್ಳಲಿಲ್ಲ.

ಅಪಭ್ರಂಶವೆಂಬ ಗೌರವ

ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಏಳನೆಯದು ಅಪಭ್ರಂಶ ಪ್ರಕರಣ. ಅಪಭ್ರಂಶವೆಂದರೆ ಜಾರಿಬಿದ್ದದ್ದು, ಕೆಟ್ಟದ್ದು ಎಂದರ್ಥ. ಆದರೆ ಕೇಶಿರಾಜ ಅದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಶ, ಷಗಳು ಸಕಾರವಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು, ಯಕಾರ ಜಕಾರವಾಗುವುದು—ಇವೆಲ್ಲ ಅಲ್ಲಿ ನಿಯಮಗಳು. ಆಕಾಶ ಆಗಸವಾಯಿತು, ಘಂಟಾ ಗಂಟೆಯಾಯಿತು, ಯಾತ್ರಾ ಜಾತ್ರೆಯಾಯಿತು, ಸಂಧ್ಯಾ ಸಂಜೆಯಾಯಿತು. ಹಳಗನ್ನಡದ 'ಪಾಲ್' ಹಾಲಾದಂತೆಯೇ ಪಶು ಹಸುವಾಯಿತು, ಪರ್ವ ಹಬ್ಬವಾಯಿತು. ಮನೆಮಕ್ಕಳಿಗೆ ಆದದ್ದೇ ಬಂದವರಿಗೂ ಆಯಿತು. ಪದವೊಂದು ಪೂರ್ತಿ ನಮ್ಮದಾಯಿತೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ದುಡಿಯುವವರು ಮಾಡುವುದು 'ಬೇಸಾಯ'. ಪುಸ್ತಕದಲ್ಲಿ ಅದು 'ವ್ಯವಸಾಯ'. ಎರಡೂ ಒಂದೇ ಪದ. ಉತ್ತರ ಕರ್ನಾಟಕದ ಹಳ್ಳಿಯ ಹುಡುಗ ಶಾಲೆಗೆ 'ಸಾಲಿ' ಎಂದಾಗ ನಗುವವರುಂಟು. ಆದರೆ ಅವನು ಕೇಶಿರಾಜ ಹೇಳಿದಂತೆ ಶಕಾರವನ್ನು ಸಕಾರ ಮಾಡಿದ್ದಾನೆ. ಮನೆಯನ್ನು 'ಮನಿ', ಹೊಳೆಯನ್ನು 'ಹೊಳಿ' ಎನ್ನುವ ತನ್ನ ಸೀಮೆಯ ವಾಡಿಕೆಯಂತೆ ಕೊನೆಯನ್ನು ತಿದ್ದಿದ್ದಾನೆ. ಬರವಣಿಗೆಯ ಶಿಷ್ಟ ರೂಪವನ್ನು ಮಕ್ಕಳು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಮಾತು ನಿಯಮವಿಲ್ಲದ್ದು ಎಂದು ನಾಚಿಸಿ ಕಲಿಸುವುದು ವ್ಯಾಕರಣಕ್ಕೇ ವಿರುದ್ಧ. ನಾಚಿಕೊಂಡ ಮಗು ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತದೆ.

ಸಂಸ್ಕೃತದ ಬೆರಕೆ ಅತಿಯಾಯಿತೆಂಬ ಆತಂಕವೂ ಹೊಸದಲ್ಲ. ಮುಳುಗುಂದದ ನಯಸೇನ 1112ರ ಸುಮಾರಿನ 'ಧರ್ಮಾಮೃತ'ದಲ್ಲೇ ತುಪ್ಪ, ಎಣ್ಣೆಗಳನ್ನು ಬೆರೆಸುವುದು ತಕ್ಕುದೇ ಎಂದು ಕೇಳಿದ್ದ. ಇಂದು ಅದೇ ಆತಂಕ ಇಂಗ್ಲಿಷಿನ ಬಗ್ಗೆ ಇದೆ. ಹಳಗನ್ನಡದ ಕಣ್, ಕಾಲ್ ಎಂಬ ಪದಗಳು ಉಕಾರ ಪಡೆದು ಕಣ್ಣು, ಕಾಲು ಆದವು; ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಸಿತು, ದೀರ್ಘದ ಮುಂದೆ ಇಲ್ಲ. ಸಂಸ್ಕೃತದ ದಿಕ್ ದಿಕ್ಕಾಯಿತು, ಮನಸ್ ಮನಸ್ಸಾಯಿತು. ಇಂಗ್ಲಿಷಿನ ಬಸ್ ಬಸ್ಸಾಯಿತು, ಪೆನ್ ಪೆನ್ನಾಯಿತು. ಕಾರ್ ಮಾತ್ರ ಕಾರು, ಫೋನ್ ಫೋನು. ಯಾರೂ ಕೂತು ಕಲಿಸದ ನಿಯಮವಿದು.

ಪದಗಳು ಬರುವುದರಿಂದ ಭಾಷೆ ಸೊರಗುವುದಿಲ್ಲ. ಬಂದ ಪದಕ್ಕೆ ತನ್ನ ಪ್ರತ್ಯಯ ಹಚ್ಚುವ ಕಸುವು ಕಳೆದುಕೊಂಡರೆ ಸೊರಗುತ್ತದೆ. ಬಸ್ಸಿಗೆ ಕಾಯುವ, ಫೋನಿನಲ್ಲಿ ಮಾತಾಡುವ ಕನ್ನಡಿಗರು ಕೇಶಿರಾಜನನ್ನು ಓದಿರಲಿ ಬಿಡಲಿ, ಅವನು ಕಂಡ ಕಸುವನ್ನು ದಿನವೂ ಬಳಸುತ್ತಿದ್ದಾರೆ.